ಖಾಲಿ ತೊಟ್ಟಿಲು ತೂಗಿದ ಮೇಷ್ಟ್ರು

ಹೆಬ್ಬಾಳದ ಹಳಬರನ್ನು ಯಾರನ್ನಾದರೂ ಹಿಡಿದು ಬ್ಯಾಟರಾಯಪ್ಪ ಮೇಷ್ಟ್ರು ಗೊತ್ತಾ ಅಂತ ಕೇಳಿದರೆ ಮೊದಲು ಬಾಯಿಂದ ಒಂದು ಲೊಚಗುಟ್ಟುವ ಸದ್ದು ಬರುತ್ತದೆ. ಆಮೇಲೆ, "ಖಾಲಿ ತೊಟ್ಲು ತೂಗಿ ಮಗೀನ ಕಳ್ಕೊಂಡ್ರಲ್ಲ, ಅವ್ರು ತಾನೆ?" ಅನ್ನುತ್ತಾರೆ. ಆ ಮನುಷ್ಯ ಏನು ಓದಿದ್ದರು, ಯಾವ ಪಾಠ ಹೇಳುತ್ತಿದ್ದರು ಅನ್ನುವುದು ಒಬ್ಬರಿಗೂ ನೆನಪಿಲ್ಲ. ಊರಬಾಯಿಗೆ ಮುಚ್ಚಳ ಹಾಕುವವರು ಯಾರು? ಅದು ತನಗೆ ಬೇಕಾದ್ದನ್ನು ಇಟ್ಟುಕೊಂಡು ಬೇಡದ್ದನ್ನು ಉಗಿದುಬಿಡುತ್ತದೆ.

ಕೆರೆಯ ಕೆಳಗೆ ನವಿಲುಕೋಸು, ಬೀನ್ಸು, ಕೊತ್ತಂಬರಿ ಸೊಪ್ಪು ಬೆಳೆದು ಗಾಡಿಯಲ್ಲಿ ಸಿಟಿ ಮಾರ್ಕೆಟ್ಟಿಗೆ ಹಾಕುತ್ತಿದ್ದ ಮನೆ ಅವರದು. ಅಪ್ಪ ಬೇಗ ತೀರಿಕೊಂಡಿದ್ದರು. ತಾಯಿ ಮುನಿಯಲ್ಲಮ್ಮ ಸೆರಗು ಸೊಂಟಕ್ಕೆ ಬಿಗಿದು ತೋಟವನ್ನೂ ನೋಡಿಕೊಂಡು ಒಬ್ಬನೇ ಮಗನನ್ನು ಓದಿಸಿದರು. ಮಗ ಎಂ.ಎಸ್ಸಿ. ಪಾಸು ಮಾಡಿದಾಗ ಊರಿನವರು ಅವನು ಡಾಕ್ಟರಾದ ಅಂತಲೇ ತಿಳಿದರು. ಒಬ್ಬ ಮುದುಕ ಜಗಲಿಗೆ ಬಂದು ಕೂತು ನಾಲಗೆ ಚಾಚಿ ತೋರಿಸಿದನಂತೆ. "ನಾನು ಡಾಕ್ಟ್ರಲ್ಲ ತಾತ, ನಂದು ಫಿಸಿಕ್ಸು" ಅಂದರೆ, "ಅದು ಯಾವ ಕಾಯ್ಲೆಗಪ್ಪಾ?" ಅಂತ ಕೇಳಿದನಂತೆ. ಈ ಕತೆಯನ್ನು ಮೇಷ್ಟ್ರೇ ಹೇಳಿಕೊಂಡು ನಗುತ್ತಿದ್ದರು. ಅದು ಅವರು ನಗುತ್ತಿದ್ದ ಕಾಲ.

ಐವತ್ತರ ದಶಕದ ನಡುವೆ ಅವರಿಗೆ ಮಲ್ಲೇಶ್ವರದ ಕಡೆಯ ಒಂದು ಖಾಸಗಿ ಕಾಲೇಜಿನಲ್ಲಿ ಲೆಕ್ಚರರ್ ಕೆಲಸ ಸಿಕ್ಕಿತು. ದಿನಾ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದರು. ಪಾಠವೆಲ್ಲ ಇಂಗ್ಲಿಷಿನಲ್ಲಿ. ಆದರೆ ಆನರ್ಸ್ ಹುಡುಗರಿಗೆ ಕ್ವಾಂಟಂ ಹೇಳುವಾಗ, ಅದರಲ್ಲೂ ಹಾರ್ಮೋನಿಕ್ ಆಸಿಲೇಟರ್ ಅನ್ನುವ ಆ ಒಂದು ಪಾಠಕ್ಕೆ ಬಂದಾಗ, ಕನ್ನಡ ತಾನಾಗಿಯೇ ಬಾಯಿಗೆ ಬಂದುಬಿಡುತ್ತಿತ್ತು. ಆ ದಿನ ಬೇರೆ ತರಗತಿಯ ಹುಡುಗರೂ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು.

"ತೊಟ್ಟಿಲು ನೋಡಿದೀರಲ್ಲ?" ಅಂತ ಶುರು. "ಜೋರಾಗಿ ತಳ್ಳಿದ್ರೆ ಜೋರಾಗಿ ತೂಗುತ್ತೆ, ಮೆಲ್ಲಗೆ ತಳ್ಳಿದ್ರೆ ಮೆಲ್ಲಗೆ. ಬಿಟ್ರೆ ನಿಂತ್ಹೋಗುತ್ತೆ. ಅದು ಅಜ್ಜಿ ತೊಟ್ಟಿಲು. ಈಗ ಅಣುವಿನಷ್ಟು ಸಣ್ಣ ತೊಟ್ಟಿಲು ನೋಡಿ. ನಡುವಿನಿಂದ ಎಷ್ಟು ದೂರ ಹೋದ್ರೆ ಅಷ್ಟು ಬಲವಾಗಿ ವಾಪಸ್ ಎಳೀತದೆ, ಅದೇ ನಿಯಮ. ಆದ್ರೆ ಇದನ್ನ ನಮಗೆ ಬೇಕಾದಷ್ಟು ತೂಗಕ್ಕಾಗಲ್ಲ. ಇದರ ಶಕ್ತಿ ಮೆಟ್ಟಿಲು ಮೆಟ್ಟಿಲಾಗಿ ಇದೆ. ಎಲ್ಲಾ ಮೆಟ್ಟಿಲೂ ಒಂದೇ ಎತ್ತರ. ಎರಡರ ನಡುವೆ ನಿಲ್ಲಕ್ಕೆ ಜಾಗವಿಲ್ಲ."

ಆಮೇಲೆ ಸೀಮೆಸುಣ್ಣ ಕೆಳಗಿಟ್ಟು, ಕೈ ಒರೆಸಿಕೊಂಡು, ದನಿ ತಗ್ಗಿಸಿ ಹೇಳುತ್ತಿದ್ದರು. "ಸರಿ, ಇಳಿಯೋಣ. ಇಳೀತಾ ಇಳೀತಾ ಕಟ್ಟಕಡೆ ಮೆಟ್ಟಿಲಿಗೆ ಬಂದ್ವಿ. ತೊಟ್ಟಿಲಲ್ಲಿ ಇನ್ನೇನೂ ಇಲ್ಲ, ಖಾಲಿ. ಈಗ ನಿಲ್ಲಬೇಕಲ್ವಾ? ನಿಲ್ಲಲ್ಲ! ಆ ಕಡೇ ಮೆಟ್ಟಿಲು ನೆಲದ ಮೇಲಿಲ್ಲ, ಅರ್ಧ ಮೆಟ್ಟಿಲು ಮೇಲಿದೆ. ಯಾಕೆ? ನಡುಮಧ್ಯದಲ್ಲಿ ಅದು ಅಲ್ಲಾಡದೆ ನಿಂತುಬಿಟ್ರೆ, ಎಲ್ಲಿದೆ ಅನ್ನೋದೂ ಗೊತ್ತಾಯ್ತು, ಎಷ್ಟು ವೇಗ ಅನ್ನೋದೂ ಗೊತ್ತಾಯ್ತು. ಎರಡನ್ನೂ ಒಟ್ಟಿಗೆ ಪೂರ್ತಿ ತಿಳ್ಕೊಳ್ಳಕ್ಕೆ ಪ್ರಕೃತಿ ಬಿಡಲ್ಲ. ಎಷ್ಟೇ ತಣ್ಣಗೆ ಮಾಡಿ, ಆ ಅರ್ಧ ಹೋಗಲ್ಲ. ಹೀಲಿಯಂ ಇದೆಯಲ್ಲ, ಅದು ಮಾಮೂಲಿ ಒತ್ತಡದಲ್ಲಿ ಯಾವತ್ತೂ ಗಟ್ಟಿಯಾಗಿ ಹೆಪ್ಪುಗಟ್ಟಲ್ಲ. ಒಳಗಿನ ಅಲುಗಾಟ ಬಿಡಲ್ಲ. ನಮ್ಮಮ್ಮ ಖಾಲಿ ತೊಟ್ಟಿಲು ತೂಗಬಾರದು ಅಂತಾರೆ. ಪ್ರಕೃತಿ ನಮ್ಮಮ್ಮನ ಮಾತು ಕೇಳಲ್ಲ ಕಣ್ರಪ್ಪಾ, ಖಾಲಿ ತೊಟ್ಟಿಲನ್ನ ತೂಗ್ತಾನೇ ಇರ್ತದೆ!"

ಹುಡುಗರು ಬೆಂಚು ಬಡಿದು ನಗುತ್ತಿದ್ದರು. ಮೇಷ್ಟ್ರಿಗೆ ಆ ಅರ್ಧ ಮೆಟ್ಟಿಲೆಂದರೆ ಪ್ರಾಣ. ಅದನ್ನು ಮೊದಲ ಸಲ ಓದಿದಾಗ ಕೆರೆ ಏರಿಯ ಮೇಲೆ ಒಬ್ಬರೇ ಕತ್ತಲಾಗುವ ತನಕ ಓಡಾಡಿದ್ದರು. ಜಗತ್ತಿನ ತಳದಲ್ಲಿ ಸಾವಿಲ್ಲ, ಅಲುಗಾಟವಿದೆ ಅನ್ನುವುದು ಅವರಿಗೆ ದೇವರು ಸಿಕ್ಕಷ್ಟು ಸಂತೋಷ ಕೊಟ್ಟಿತ್ತು. ಪಾಠದಲ್ಲಿ ಗೊತ್ತಿದ್ದೂ ಒಂದು ಸುಳ್ಳು ಹೇಳಬಾರದು ಅನ್ನುವುದು ಅವರ ಹಟ. ತಿಳಿಯದ್ದನ್ನು ತಿಳಿಯದು ಅಂತಲೇ ಹೇಳುತ್ತಿದ್ದರು.

ಹೆಂಡತಿ ಗಂಗರತ್ನಮ್ಮ ತುಮಕೂರು ರಸ್ತೆಯ ಮಾಕಳಿ ಊರಿನವಳು. ಮದುವೆಯಾಗಿ ಬಹಳ ವರ್ಷ ಮಕ್ಕಳಾಗದೆ, ಹರಕೆಯ ಮೇಲೆ ಹರಕೆ ಹೊತ್ತು, ಕೊನೆಗೊಂದು ಗಂಡುಮಗು ಆಯಿತು. ತವರಿನಿಂದ ಹಲಸಿನ ಮರದ ತೊಟ್ಟಿಲು ಬಂತು. ಜಂತೆಗೆ ಸರಪಳಿ ಹಾಕಿ ಅದನ್ನು ತೂಗುಬಿಟ್ಟರು. ಆ ಮಗುವಿನ ಮೇಲೆ ಗಂಗರತ್ನಮ್ಮನಿಗೆ ಎಷ್ಟು ಪ್ರೀತಿ ಅಂದರೆ, ನೆರೆಯವರು ಮುದ್ದಾಗಿದೆ ಅಂದರೂ ಆಕೆಗೆ ದೃಷ್ಟಿಯ ಭಯ.

ಗೌರಿ ಹಬ್ಬ ಹತ್ತಿರ ಬಂದಿತ್ತು. ಮರುದಿನ ಮೇಷ್ಟ್ರಿಗೆ ಆ ಪಾಠ. ಗಂಗರತ್ನಮ್ಮ ಹಿತ್ತಿಲಲ್ಲಿ ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು. ತೊಟ್ಟಿಲು ಖಾಲಿ ಇತ್ತು. ತೂಗು ದೊಡ್ಡದಾಗಲಿ ಚಿಕ್ಕದಾಗಲಿ ಹೋಗಿಬರುವ ಹೊತ್ತು ಹೆಚ್ಚುಕಡಿಮೆ ಒಂದೇ ಅನ್ನುವುದನ್ನು ಇದರಲ್ಲೇ ನೋಡಿ ಹುಡುಗರಿಗೆ ಹೇಳೋಣ ಅನ್ನಿಸಿ, ಮೇಷ್ಟ್ರು ಕೈಗಡಿಯಾರ ಬಿಚ್ಚಿ ಹಿಡಿದುಕೊಂಡು ತೊಟ್ಟಿಲನ್ನು ತಳ್ಳಿದರು. ಸೊಪ್ಪಿನ ಬುಟ್ಟಿ ಹೊತ್ತು ಒಳಗೆ ಬಂದ ಮುನಿಯಲ್ಲಮ್ಮ ಬುಟ್ಟಿಯನ್ನು ಅಲ್ಲೇ ಎತ್ತಿಹಾಕಿದರು.

"ಅಯ್ಯೋ ನಿನ್ ಓದ್ಗೆ ಬೆಂಕಿ ಬೀಳ! ಬರೀ ತೊಟ್ಲು ತೂಗ್ತಾರೇನೋ? ನಿಲ್ಸೋ!"

"ಏನಾಗ್ತದಮ್ಮ? ಮರದ ಹಲಗೆ, ಕಬ್ಬಿಣದ ಸರಪಣಿ. ನೋಡು, ಇನ್ನೊಂದು ಸಲ ತೂಗ್ತೀನಿ. ಏನಾದ್ರೂ ಆಯ್ತಾ?"

ಮುದುಕಿ ಅಡುಗೆಮನೆಗೆ ಓಡಿಹೋಗಿ ಗುಂಡುಕಲ್ಲು ತಂದು ತೊಟ್ಟಿಲಿಗೆ ಹಾಕಿದರು. ಹೆಸರಿಡುವ ದಿನ ಮಗುವಿಗಿಂತ ಮೊದಲು ತೊಟ್ಟಿಲಿಗೆ ಕಲ್ಲನ್ನು ಮಲಗಿಸುವ ಜನ ಅವರು. ದೋಷ ಕಲ್ಲಿಗೆ ಹೋಗಲಿ ಅಂತ. ಮೇಷ್ಟ್ರು ನಕ್ಕು ಕಲ್ಲನ್ನು ಎತ್ತಿ ಕೆಳಗಿಟ್ಟು, ತಾಯಿಯನ್ನು ಕೆಣಕುವುದಕ್ಕೆ ಮತ್ತೊಮ್ಮೆ ತಳ್ಳಿದರು. ಓದಿದವರಿಗೆ ಅಷ್ಟು ಪುಂಡಾಟ ಇದ್ದೇ ಇರುತ್ತದೆ. ಸೊಸೆಗೆ ಈ ಮಾತು ಹೇಳಬೇಡ ಅಂತ ಮುನಿಯಲ್ಲಮ್ಮನೇ ಮಗನಿಗೆ ತಾಕೀತು ಮಾಡಿದರು.

ಹಬ್ಬಕ್ಕೆ ಗಂಗರತ್ನಮ್ಮ ಮಗುವನ್ನು ಕರೆದುಕೊಂಡು ಮಾಕಳಿಗೆ ಹೋದಳು. ಅಲ್ಲಿ ಮಗುವಿಗೆ ಜ್ವರ ಬಂತು. ಕುತ್ತಿಗೆಯ ಸುತ್ತ ಬೆವರುಸಾಲೆಯಂತೆ ನಾಲ್ಕು ಕೆಂಪು ಗುಳ್ಳೆ ಕಂಡವು. ಅಷ್ಟು ಸಾಕಾಯಿತು. ಆಕೆಯ ತಾಯಿ ಪಟಾಲಮ್ಮ, "ಅಮ್ಮ ಬಂದವ್ಳೆ" ಅಂದುಬಿಟ್ಟಳು. ಸಿಡುಬಾಗಲಿ ದಡಾರವಾಗಲಿ ಆ ಕಡೆ ಅದಕ್ಕೆ ಅಮ್ಮ ಅಂತಲೇ ಹೆಸರು. ಅಮ್ಮ ಬಂದ ಮನೆಗೆ ಬೇವಿನ ಸೊಪ್ಪು ಕಟ್ಟುತ್ತಾರೆ, ಒಗ್ಗರಣೆ ಹಾಕುವುದಿಲ್ಲ, ಹೊರಗಿನವರನ್ನು ಸೇರಿಸುವುದಿಲ್ಲ, ಔಷಧಿ ಮುಟ್ಟಿಸುವುದಿಲ್ಲ. ಮಗುವಿನ ದನಿ ಒಡೆಯಿತು, ಹಾಲು ನುಂಗಲಾರದೆ ಹೋಯಿತು. ಗಂಗರತ್ನಮ್ಮನ ತಮ್ಮ ಪಿಳ್ಳಪ್ಪ, "ಅಕ್ಕಾ, ಗಾಡಿ ಕಟ್ತೀನಿ, ಯಶವಂತಪುರದಲ್ಲಿ ಡಾಕ್ಟ್ರವ್ರೆ" ಅಂದ. ಆಕೆ ಒಪ್ಪಲಿಲ್ಲ. "ಅಮ್ಮ ಮುನಿಸ್ಕೊಂಡ್ರೆ ನನ್ ಕೂಸು ಉಳಿಯಕಿಲ್ಲ ಕಣೋ. ಬ್ಯಾಡ" ಅಂದಳು. ಮಾರನೆಯ ದಿನವೂ ಕೇಳಿದ. ಮಾರನೆಯ ದಿನವೂ ಬೇಡ ಅಂದಳು.

ಕೊನೆಗೆ ಪಿಳ್ಳಪ್ಪ ಯಾರಿಗೂ ಹೇಳದೆ ಹೆಬ್ಬಾಳಕ್ಕೆ ಬಂದು ಬಾವನಿಗೆ ಸುದ್ದಿ ಮುಟ್ಟಿಸಿದ. ಮೇಷ್ಟ್ರು ಮಾಕಳಿಗೆ ಹೋಗಿ, ಬಾಗಿಲಿಗೆ ಅಡ್ಡ ನಿಂತ ಅತ್ತೆಯನ್ನು ಸರಿಸಿ, ಮಗುವನ್ನು ಎತ್ತಿಕೊಂಡು ತುಮಕೂರು ರಸ್ತೆಗೆ ಬಂದು ಒಂದು ಲಾರಿಗೆ ಕೈ ಅಡ್ಡ ಹಾಕಿದರು. ಗಂಗರತ್ನಮ್ಮ ಅಳುತ್ತ ಹಿಂದೆಯೇ ಓಡಿಬಂದು ಲಾರಿ ಹತ್ತಿದಳು. ಮಗು ಉಸಿರೆಳೆದಾಗಲೆಲ್ಲ ಕೋಳಿಯ ಗಂಟಲಿನಂಥ ಸದ್ದು ಬರುತ್ತಿತ್ತು. ಆಸ್ಪತ್ರೆ ಸೇರಿದ ಸ್ವಲ್ಪ ಹೊತ್ತಿಗೆ ಆ ಸದ್ದು ಪೂರ್ತಿ ನಿಂತುಹೋಯಿತು.

ಡಾಕ್ಟರು ಮೇಷ್ಟ್ರೊಬ್ಬರನ್ನೇ ಒಳಗೆ ಕರೆದರು. "ಇದು ಅಮ್ಮನೂ ಅಲ್ಲ, ಗಿಮ್ಮನೂ ಅಲ್ಲ. ಗಂಟಲಮಾರಿ. ಡಿಫ್ತೀರಿಯ. ಇದಕ್ಕೆ ಇಂಜೆಕ್ಷನ್ ಇದೆ. ನೀವು ಓದಿದವರು ಕಾಣ್ತೀರಿ, ಮೊದಲೇ ತರಬಾರದಾಗಿತ್ತೇನ್ರೀ? ತಂದಿದ್ರೆ ಉಳಿಸಬಹುದಿತ್ತು" ಅಂದರು. ಮೇಷ್ಟ್ರು ತಲೆಯಾಡಿಸಿ ಹೊರಗೆ ಬಂದರು. ವರಾಂಡದಲ್ಲಿ ಗಂಗರತ್ನಮ್ಮ ಕೂತಿದ್ದಳು. "ಡಾಕ್ಟ್ರು ಏನಂದ್ರು?" ಅಂತ ಕೇಳಿದಳು. "ಏನೂ ಅನ್ನಲಿಲ್ಲ" ಅಂದರು.

ಮಣ್ಣು ಮಾಡಿ ಬಂದ ಸಂಜೆ ಹೆಬ್ಬಾಳದ ಮನೆಯ ತುಂಬ ಜನ. ಅಳುವವರ ನಡುವೆ ಗಂಗರತ್ನಮ್ಮನ ಅಳು ಮಾತ್ರ ನಿಂತುಹೋಗಿದ್ದನ್ನು ಯಾರೂ ಗಮನಿಸಲಿಲ್ಲ. ಪಿಳ್ಳಪ್ಪನೊಬ್ಬ ಗಮನಿಸಿದ. ಹಿತ್ತಿಲಿಗೆ ಓಡಿದ. ಆಕೆ ಬಾವಿಯ ಕಟ್ಟೆ ಹತ್ತಿ ಆಗಿತ್ತು. ಅವನು ಸೀರೆ ಹಿಡಿದು ಎಳೆದ. ಆಕೆ ಅವನ ಕೈಯನ್ನು ಕಚ್ಚಿದಳು.

"ಬಿಡೋ ನನ್ನ! ನೀನು ಗಾಡಿ ಕಟ್ತೀನಿ ಅಂದೆ, ನಾನು ಬ್ಯಾಡ ಅಂದೆ. ನಾನೇ ಕೊಂದೆ ಕಣೋ! ಎತ್ತ ಕೂಸ್ನ ನಾನೇ ಕೊಂದೆ!"

ಮೇಷ್ಟ್ರು ಬಾವಿಯ ಹತ್ತಿರ ನಿಂತಿದ್ದರು. ನಿಜ ಏನು ಅನ್ನುವುದು ಅವರ ನಾಲಗೆಯ ತುದಿಯಲ್ಲಿತ್ತು. ಆಕೆ ಹೇಳುತ್ತಿದ್ದುದೇ ನಿಜ. ಇವತ್ತು ತಪ್ಪಿಸಿದರೆ ನಾಳೆ ಬೀಳುತ್ತಾಳೆ, ನಾಳೆ ತಪ್ಪಿಸಿದರೆ ನಾಡಿದ್ದು. ಸಮಾಧಾನದ ಮಾತಿಗೆ ತಿರುಗುವ ಕಣ್ಣಾಗಿರಲಿಲ್ಲ ಅದು. ಆಗ ಅವರ ಬಾಯಿಂದ ಆ ಮಾತು ಬಂತು.

"ನೀನಲ್ಲ ಗಂಗಾ. ನಾನು. ನೀನು ಊರಿಗೆ ಹೋಗೋ ಮೊದಲು ನಾನು ಖಾಲಿ ತೊಟ್ಟಿಲು ತೂಗಿದ್ದೆ. ಅಮ್ಮ ಬೇಡ ಅಂದರೂ ತೂಗಿದೆ. ನಕ್ಕೊಂಡು ತೂಗಿದೆ."

ಗಂಗರತ್ನಮ್ಮ ಅತ್ತೆಯ ಕಡೆ ನೋಡಿದಳು. ಮುನಿಯಲ್ಲಮ್ಮ ನೆಲಕ್ಕೆ ಕುಸಿದು ಹಣೆ ಚಚ್ಚಿಕೊಂಡರು. "ಊ ಕಣವ್ವಾ, ನನ್ ಕಣ್ಣಾರೆ ಕಂಡಿವ್ನಿ. ಕಲ್ ಆಕಿದ್ರೆ ಕಲ್ನೂ ತೆಗ್ದು ತೂಗ್ದ ಪಾಪಿ."

ಗಂಗರತ್ನಮ್ಮ ಕಟ್ಟೆಯಿಂದ ಇಳಿದಳು. ಗಂಡನ ಹತ್ತಿರ ಬಂದು ಅವರ ಮುಖಕ್ಕೆ ಉಗಿದಳು. ಹೊಡೆದಳು. ಅಂಗಿ ಹರಿದಳು. ಮೇಷ್ಟ್ರು ಕದಲದೆ ನಿಂತರು. ಆ ಸಿಟ್ಟೇ ಆಕೆಯನ್ನು ಉಳಿಸಿತು. ಬಾವಿಯ ಕಡೆ ಆಕೆ ಮತ್ತೆ ಹೋಗಲಿಲ್ಲ. ದ್ವೇಷಿಸುವುದಕ್ಕೆ ಒಬ್ಬ ಮನುಷ್ಯ ಮನೆಯಲ್ಲೇ ಇರುವಾಗ ಸಾಯುವುದಕ್ಕೆ ಪುರಸೊತ್ತೆಲ್ಲಿ?

ಊರಿಗೆ ಇದು ಹಬ್ಬವಾಯಿತು. ಸೈನ್ಸ್ ಓದಿದವನೇ ಒಪ್ಪಿಕೊಂಡ ಮೇಲೆ ಇನ್ನೇನು? ಹೆಬ್ಬಾಳ, ಭೂಪಸಂದ್ರ, ನಾಗಶೆಟ್ಟಿಹಳ್ಳಿಯ ಬಾಣಂತಿಯರು ತೊಟ್ಟಿಲಿಗೆ ಕಲ್ಲು ಹಾಕುವುದನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡರು. ಮೇಷ್ಟ್ರು ಸೈಕಲ್ಲಿನಲ್ಲಿ ಬರುವುದು ಕಂಡರೆ ಕಂಕುಳಿನ ಕೂಸಿನ ಮುಖಕ್ಕೆ ಸೆರಗು ಮುಚ್ಚುತ್ತಿದ್ದರು. ಅವರೂ ದಾರಿ ಬದಲಿಸಿಕೊಂಡು ಹೊಲದ ಬದುವಿನ ಮೇಲೆ ಸೈಕಲ್ ತಳ್ಳಿಕೊಂಡು ಹೋಗುವುದನ್ನು ಕಲಿತರು.

ಕಾಲೇಜಿನಲ್ಲಿ ಆ ಪಾಠ ವರ್ಷಕ್ಕೊಮ್ಮೆ ಬರಲೇಬೇಕಲ್ಲ. ಈಗ ಅವರು ಅದನ್ನು ಸ್ಪ್ರಿಂಗು, ತೂಕದ ಗುಂಡು ಅಂತ ಇಂಗ್ಲಿಷಿನಲ್ಲಿ ಬೋರ್ಡಿಗೆ ಮುಖ ಮಾಡಿಕೊಂಡೇ ಮುಗಿಸುತ್ತಿದ್ದರು. ಹಿಂದಿನ ಬೆಂಚು ಖಾಲಿಯಾಯಿತು. ಒಂದು ವರ್ಷ ಆವಲಪ್ಪ ಅನ್ನುವ ಚುರುಕು ಹುಡುಗ ಎದ್ದು ಕೇಳಿದ: "ಸಾರ್, ಆ ಅರ್ಧ ಎಲ್ಲಾ ಮೆಟ್ಟಿಲಲ್ಲೂ ಇದೆ. ನಾವು ಅಳೆಯೋದು ಮೆಟ್ಟಿಲುಗಳ ನಡುವಿನ ವ್ಯತ್ಯಾಸ ತಾನೆ? ಅದನ್ನ ಕಳೆದುಬಿಟ್ಟು, ಕೆಳಗಿನ ಮೆಟ್ಟಿಲನ್ನೇ ಸೊನ್ನೆ ಅಂತ ಇಟ್ಕೊಂಡ್ರೆ ಏನ್ ತಪ್ಪು?"

ಮೇಷ್ಟ್ರು ತಿರುಗಿದರು. "ತಪ್ಪೇನಿಲ್ಲಪ್ಪ. ಲೆಕ್ಕಕ್ಕೆ ಸೊನ್ನೆಯನ್ನ ಎಲ್ಲಿ ಬೇಕಾದರೂ ಇಟ್ಕೋಬಹುದು. ನೀನು ಎಲ್ಲಿಟ್ಟರೂ ಅದು ಅಲುಗಾಡೋದು ಮಾತ್ರ ನಿಲ್ಲಲ್ಲ." ಸೀಮೆಸುಣ್ಣ ಕೆಳಗಿಟ್ಟರು. ಗಂಟೆ ಹೊಡೆಯುವ ಮೊದಲೇ ತರಗತಿ ಬಿಟ್ಟು ಹೋದರು. ತಾನು ಬಾವಿಯ ಬಳಿ ಸುಮ್ಮನೆ ಸೊನ್ನೆಯನ್ನು ಜರುಗಿಸಿದೆ, ನೋವು ಎಷ್ಟಿತ್ತೋ ಅಷ್ಟೇ ಇದೆ ಅನ್ನಿಸಿ ಸೈಕಲ್ ಸ್ಟ್ಯಾಂಡಿನಲ್ಲಿ ನಿಂತು ಅತ್ತುಬಿಟ್ಟರು.

ಒಂದೇ ಸೂರಿನ ಕೆಳಗಿರುವ ಗಂಡ ಹೆಂಡತಿಯ ನಡುವೆ ಸಿಟ್ಟಿಗೂ ಒಮ್ಮೊಮ್ಮೆ ಸುಸ್ತಾಗುತ್ತದೆ. ಒಂದೆರಡು ವರ್ಷದ ಮೇಲೆ ಹೆಣ್ಣುಮಗುವಾಯಿತು. ಶ್ರಾವಣದಲ್ಲಿ ಹುಟ್ಟಿದ್ದಕ್ಕೆ ವರಲಕ್ಷ್ಮಿ ಅಂತ ಹೆಸರಿಟ್ಟರು. ಮೇಷ್ಟ್ರಿಗೆ ಈಗ ಇದ್ದದ್ದು ಒಂದೇ ಚಿಂತೆ: ಗಂಟಲಮಾರಿ ಬಾರದಂತೆ ಮೊದಲೇ ಹಾಕುವ ಸೂಜಿ ಸರ್ಕಾರಿ ಆಸ್ಪತ್ರೆಗೆ ಬಂದಿತ್ತು, ಅದನ್ನು ಈ ಮಗುವಿಗೆ ಹಾಕಿಸಬೇಕು. ಹೆಂಡತಿಯ ಮುಂದೆ ಮಾತೆತ್ತಿದರು.

ಗಂಗರತ್ನಮ್ಮ ಆ ವೇಳೆಗೆ ಗಂಡನ ಜೊತೆ ನೇರವಾಗಿ ಮಾತಾಡುವುದನ್ನೇ ಬಿಟ್ಟಿದ್ದಳು. ಅತ್ತೆಯ ಕಡೆ ತಿರುಗಿ, "ಸೂಜಿ ಯಾಕಂತೆ? ತೊಟ್ಲು ತೂಗಿದ್ದಕ್ಕೆ ಓದ ಮಗೀಗೆ ಸೂಜಿ ಏನು ಮಾಡಾದು? ಅವರ ಕೈ ಕೂಸಿನ ಮ್ಯಾಲೆ ಬೀಳ್ದಂಗೆ ನೋಡ್ಕೊಂಡ್ರೆ ಸಾಕಂತ ಏಳಿ" ಅಂದಳು.

ತಾವು ಆಡಿದ ಸುಳ್ಳು ಹೀಗೆ ಮಗಳ ಕೊರಳಿಗೇ ಬಂದು ನಿಲ್ಲುತ್ತದೆ ಅಂತ ಮೇಷ್ಟ್ರು ಎಣಿಸಿರಲಿಲ್ಲ. ಗಂಟಲಮಾರಿಯ ಮಾತು ತೆಗೆದರೆ ಮೊದಲ ಮಗುವಿನ ಮಾತು ಬರುತ್ತದೆ. ಮೊದಲ ಮಗುವಿನ ಮಾತು ಬಂದರೆ ಬಾವಿ. ಒಂದು ವಾರ ಅನ್ನ ಸೇರಲಿಲ್ಲ. ಆಮೇಲೆ ದೇವರ ಗೂಡಿನ ಮುಂದೆ ನಿಂತು, ದೇವರನ್ನು ನಂಬದ ಆ ಮನುಷ್ಯ ಹೆಂಡತಿಗೆ ಕೇಳುವಂತೆ ಹೇಳಿದರು: "ಮನೆದೇವರಾಣೆಗೂ ನಾನು ಈ ಮಗುವನ್ನ ಮುಟ್ಟಲ್ಲ. ಎತ್ತಿಕೊಳ್ಳಲ್ಲ. ಅದು ಮಲಗೋ ಕೋಣೆಗೆ ಕಾಲಿಡಲ್ಲ. ನನ್ನ ದೋಷ ಅದಕ್ಕೆ ತಟ್ಟದ ಹಾಗೆ ದೂರ ಇರ್ತೀನಿ. ಅದಕ್ಕೆ ಬದಲು ಸೂಜಿ ಹಾಕಿಸು. ಇದೊಂದು ನಡೆಸಿಕೊಡು."

ಗಂಗರತ್ನಮ್ಮ ಬಹಳ ಹೊತ್ತು ಯೋಚಿಸಿ ಒಪ್ಪಿದಳು. ಪಿಳ್ಳಪ್ಪನನ್ನು ಕರೆದುಕೊಂಡು ಹೋಗಿ ಸೂಜಿ ಹಾಕಿಸಿಕೊಂಡು ಬಂದಳು. ಅಂದಿನಿಂದ ಮೇಷ್ಟ್ರು ಜಗಲಿಗೆ ಚಾಪೆ ಹಾಕಿಕೊಂಡರು. ಮಗಳು ಅಂಬೆಗಾಲಿಟ್ಟು ಹೊಸ್ತಿಲ ತನಕ ಬಂದರೆ ಎದ್ದು ತೋಟಕ್ಕೆ ಹೋಗಿಬಿಡುತ್ತಿದ್ದರು. ಅವಳು ಬಿದ್ದು ಮೊಣಕಾಲು ತರಚಿಕೊಂಡ ದಿನ, ಎರಡು ಮಾರು ದೂರದಲ್ಲಿ ನಿಂತು, "ಯಾರಾದ್ರೂ ಬನ್ರೋ, ಮಗು ಬಿತ್ತು" ಅಂತ ಕೂಗಿ ಕರೆದರೇ ಹೊರತು ಕೈ ಮುಂದೆ ಮಾಡಲಿಲ್ಲ. ಮುನಿಯಲ್ಲಮ್ಮ ತೀರಿಕೊಳ್ಳುವ ಮುಂಚೆ, "ನಿನ್ ಬಾಳು ನೋಡಕ್ಕಾಗಲ್ಲ ಮಗಾ" ಅಂತ ಮಗನ ತಲೆ ಸವರಿದರು. ಆ ಮನೆಯಲ್ಲಿ ಅವರನ್ನು ಮುಟ್ಟುತ್ತಿದ್ದ ಕೈ ಅದೊಂದೇ ಆಗಿತ್ತು.

ವರ್ಷಗಳು ಉರುಳಿದವು. ವರಲಕ್ಷ್ಮಿ ಸ್ಕೂಲಿಗೆ ಹೋಗಿ, ಲೆಕ್ಕದಲ್ಲಿ ಚುರುಕಾಗಿ, ಎಲ್ಲದಕ್ಕೂ ಯಾಕೆ ಅಂತ ಕೇಳುವ ಹುಡುಗಿಯಾದಳು. ಅಪ್ಪ ತನ್ನನ್ನು ಯಾಕೆ ಮುಟ್ಟುವುದಿಲ್ಲ ಅಂತ ಕೇಳಿದಾಗ ಬೀದಿಯೇ ಅವಳಿಗೆ ಉತ್ತರ ಹೇಳಿಕೊಟ್ಟಿತು. ಅವಳು ಅಳಲಿಲ್ಲ. ತನ್ನಷ್ಟಕ್ಕೆ ಏನೋ ಯೋಚಿಸಿಕೊಂಡಳು.

ಅರವತ್ತರ ದಶಕ ಮುಗಿಯುತ್ತ ಬಂದ ಒಂದು ಭಾನುವಾರ. ಮೇಷ್ಟ್ರು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಒಳಗೆ ಗಂಗರತ್ನಮ್ಮ ಒರಳಿನಲ್ಲಿ ದೋಸೆಗೆ ರುಬ್ಬುತ್ತಿದ್ದಳು. ವರಲಕ್ಷ್ಮಿ ಓಡುತ್ತ ಬಂದು, ಅಪ್ಪನಿಂದ ಯಾವಾಗಲೂ ನಿಲ್ಲುವಷ್ಟೇ ದೂರದಲ್ಲಿ ನಿಂತಳು. ಮುಖ ಅರಳಿತ್ತು.

"ಅಪ್ಪಾ, ನೀನು ಏನೂ ಮಾಡಿಲ್ಲ!"

"ಏನಮ್ಮ?"

"ನನ್ ಫ್ರೆಂಡು ಮಲ್ಕಾ ಇಲ್ವಾ, ಅವ್ರ ಮನೇಲಿ ಪಾಪು ಹುಟ್ಟಿದೆ. ನಾನು ಹೋದಾಗೆಲ್ಲ ಖಾಲಿ ತೊಟ್ಲು ತೂಗಿದೀನಿ. ಬೇಕು ಅಂತಾನೇ. ಯಾರಿಗೂ ಹೇಳಿಲ್ಲ. ದಿನಾ ಹೋಗಿ ನೋಡ್ಕೊಂಡ್ ಬರ್ತೀನಿ, ಪಾಪುಗೆ ಏನೂ ಆಗಿಲ್ಲ. ಚೆನ್ನಾಗಿ ನಗುತ್ತೆ. ಅಂದ್ರೆ ತೊಟ್ಲಿಂದ ಏನೂ ಆಗಲ್ಲ. ಅಲ್ವಾ? ಅಣ್ಣ ಸತ್ತಿದ್ದು ನಿನ್ನಿಂದ ಅಲ್ಲ, ಅಲ್ವಾ ಅಪ್ಪಾ?"

ಮೇಷ್ಟ್ರ ಕೈಯಲ್ಲಿದ್ದ ಪೇಪರ್ ಜಾರಿತು. ಒಳಗೆ ಒರಳಿನ ಸದ್ದು ನಿಂತಿತ್ತು. ಇಷ್ಟು ವರ್ಷ ಕಾಲೇಜಿನಲ್ಲಿ ಎಷ್ಟೋ ಹುಡುಗರಿಗೆ ಪ್ರಯೋಗ ಮಾಡಿಸಿದ್ದರು. ಇಂಥ ಪ್ರಯೋಗವನ್ನು ಒಬ್ಬರೂ ಮಾಡಿರಲಿಲ್ಲ. ಹೌದು ಮಗಳೇ, ನೀನು ಹೇಳಿದ್ದೇ ನಿಜ ಅನ್ನಬೇಕು ಅನ್ನುವ ಆಸೆ ಎದೆಯಿಂದ ಒತ್ತಿಕೊಂಡು ಬಂತು. ಆದರೆ ನಿಂತುಹೋದ ಆ ಒರಳಿನ ಸದ್ದು ಅವರಿಗೆ ಭಯ ಹುಟ್ಟಿಸಿತು.

"ಒಂದು ಸಲ ನೋಡಿ ಹಾಗೆಲ್ಲ ಹೇಳಕ್ಕಾಗಲ್ಲಮ್ಮ" ಅಂದರು. ದನಿ ಅವರದಾಗಿರಲಿಲ್ಲ. "ನಾನು ತೂಗಿದ್ದೆ. ಮಗು ಹೋಯ್ತು. ಅದರಿಂದಲೇ ಹೋಯ್ತು."

ಅರಳಿದ ಮುಖ ಹಾಗೇ ಸೊರಗುವುದನ್ನು ಮೇಷ್ಟ್ರು ನೋಡಿದರು. ಆಮೇಲೆ ಅದರಲ್ಲಿ ಬೇರೊಂದು ಭಯ ಮೂಡಿತು. ಅದನ್ನು ಅವರು ನಿರೀಕ್ಷಿಸಿರಲಿಲ್ಲ.

"ಹಂಗಾದ್ರೆ ಮಲ್ಕಾ ಪಾಪು ಸತ್ತೋಗುತ್ತಾ?" ಹುಡುಗಿ ಮಲ್ಕಾಳ ಮನೆಯ ಕಡೆ ತಿರುಗಿ ನೋಡಿದಳು. "ನಾನು ತೂಗಿದೀನಿ ಅಪ್ಪಾ. ತುಂಬಾ ಸಲ ತೂಗಿದೀನಿ. ನಾನೇ ಸಾಯಿಸಿದಂಗಾಯ್ತಾ?"

"ಇಲ್ಲ, ಇಲ್ಲಮ್ಮ, ಅದಕ್ಕೇನೂ ಆಗಲ್ಲ."

"ಅಣ್ಣಂಗೆ ಆಯ್ತಲ್ಲ! ನೀನು ತೂಗಿದ್ರೆ ಆಗುತ್ತೆ, ನಾನು ತೂಗಿದ್ರೆ ಆಗಲ್ವಾ? ಯಾಕೆ?"

ಒಂದು ಕಡೆ ಹೆಂಡತಿ, ಒಂದು ಕಡೆ ಮಗಳು. ಯಾರನ್ನು ಬಾವಿಗೆ ತಳ್ಳುವುದು? ಹುಡುಗಿ ಜೋರಾಗಿ ಅಳುವುದಕ್ಕೆ ಶುರುಮಾಡಿದಳು.

ಗಂಗರತ್ನಮ್ಮ ಬಾಗಿಲಿಗೆ ಬಂದಳು. ಮೊಣಕೈ ತನಕ ಹಿಟ್ಟು ಮೆತ್ತಿತ್ತು.

"ಅಳ್ಬ್ಯಾಡ ಕಣೇ" ಅಂದಳು. "ತೊಟ್ಲಿಂದ ಯಾರೂ ಸಾಯಕಿಲ್ಲ. ನಿಮ್ಮಣ್ಣಂಗೆ ಗಂಟ್ಲಮಾರಿ ಬಂದಿತ್ತು. ನಿಮ್ ಮಾವ ಡಾಕ್ಟ್ರ ತಾವ ಓಗಾನ ಅಂದ. ನಾನು ಬ್ಯಾಡ ಅಂದೆ. ಅದಕ್ಕೆ ಸತ್ತೋದ. ನಿಮ್ಮಪ್ಪ ಏನೂ ಮಾಡ್ಲಿಲ್ಲ."

ಮೇಷ್ಟ್ರು ಎದ್ದು ನಿಂತರು. ಅವರ ಕಣ್ಣು ತಾನಾಗಿಯೇ ಹಿತ್ತಿಲ ಬಾಗಿಲ ಕಡೆ ಹೋಯಿತು. ಗಂಗರತ್ನಮ್ಮ ಅದನ್ನು ಕಂಡಳು. ಎಷ್ಟೋ ವರ್ಷದ ಮೇಲೆ ಗಂಡನ ಮುಖ ನೋಡಿ, ನೇರವಾಗಿ ಮಾತಾಡಿದಳು.

"ಎಲ್ಲೂ ಓಗಕಿಲ್ಲ, ಎದರ್ಬ್ಯಾಡಿ. ಇವಳಿಗೆ ಸೂಜಿ ಆಕ್ಸಕ್ಕೆ ಓದಾಗ್ಲೇ ನರ್ಸಮ್ಮ ಯಾವ ಕಾಯ್ಲೆಗೆ, ಎಂಗೆ ಬತ್ತದೆ ಅಂತೆಲ್ಲ ಏಳಿದ್ಲು. ಅವತ್ತೇ ಗೊತ್ತಾಯ್ತು. ಗೊತ್ತಾದ್ರೂ ಸುಮ್ಕಿದ್ದೆ. ನೀವೇ ಕೊಂದ್ರಿ ಅಂತ ಅಂದ್ಕೊಂಡ್ರೆ ರಾತ್ರಿ ನಿದ್ದೆ ಬತ್ತಿತ್ತು. ಅದಕ್ಕೆ."

ಮೇಷ್ಟ್ರಿಗೆ ಸಿಟ್ಟು ಬರಬೇಕಾಗಿತ್ತು. ಆ ಸೂಜಿಯ ದಿನದಿಂದ ಇವತ್ತಿನ ತನಕ, ಮಗಳ ಮೊದಲ ಹೆಜ್ಜೆ, ಮೊದಲ ಮಾತು, ಜ್ವರದಲ್ಲಿ ಅಪ್ಪಾ ಅಂತ ಕನವರಿಸಿದ ರಾತ್ರಿ, ಎಲ್ಲವೂ ಜಗಲಿಯ ಆಚೆ ಕಳೆದುಹೋಗಿತ್ತು. ಸಿಟ್ಟು ಬಂತು ಕೂಡ. ಆದರೆ ಬಾಗಿಲಲ್ಲಿ ನಿಂತಿದ್ದ ಹೆಂಗಸು ಹಿಟ್ಟು ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಲೇ ಇದ್ದಳು. ಆಕೆ ಇನ್ನು ಮುಂದೆ ಯಾವ ಸುಳ್ಳಿನ ಆಸರೆಯೂ ಇಲ್ಲದೆ ಮಲಗಬೇಕು ಅನ್ನುವುದು ಹೊಳೆದು ಅವರ ಸಿಟ್ಟು ಅಲ್ಲೇ ಕರಗಿತು. ಗಂಗರತ್ನಮ್ಮ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒರಳಿನ ಸದ್ದು ಮತ್ತೆ ಕೇಳಿಸಿತು.

ವರಲಕ್ಷ್ಮಿ ಕಣ್ಣೊರೆಸಿಕೊಂಡು ಅಪ್ಪನ ಹತ್ತಿರಕ್ಕೆ ಬಂದಳು. ಅಭ್ಯಾಸ ಬಲದಿಂದ ಮೇಷ್ಟ್ರು ಒಂದು ಹೆಜ್ಜೆ ಹಿಂದೆ ಸರಿದರು. ಅವಳು ಇನ್ನೂ ಹತ್ತಿರ ಬಂದು ಮುಖ ಎತ್ತಿ ನಿಂತಳು. ಮೇಷ್ಟ್ರು ಬಗ್ಗಿ, ಕಂಕುಳಿಗೆ ಕೈ ಕೊಟ್ಟು, ಕೂಸನ್ನು ಎತ್ತಿಕೊಳ್ಳುವ ಹಾಗೆ ಮಗಳನ್ನು ಎತ್ತಲು ಹೋದರು. ಆಗಲಿಲ್ಲ. ಅವಳು ಎತ್ತಿಕೊಳ್ಳುವ ವಯಸ್ಸು ದಾಟಿ ಎಷ್ಟೋ ಕಾಲವಾಗಿತ್ತು.